ತೆಂಗಿನ ನಾರು ಬೆರೆಸಿದ ಪ್ಲಾಸ್ಟಿಕ್ ಹಲಗೆಗೆ ವಿಕಿರಣ ಕೊಡಿಸಿದರೆ ಗಟ್ಟಿಯಾಗುತ್ತದೆಯೇ?

ನಾರುಗಾರ ತಿಪಟೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಸೀಮೆಯಲ್ಲಿ ನಾರು ಬಿಡಿಸುವ ಸಣ್ಣ ಘಟಕ. ಉಂಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಒಣ ಮಟ್ಟೆಯನ್ನು ತಂದು, ನಾರು ತೆಗೆದು, ಹಗ್ಗದವರಿಗೂ ಹಾಸಿಗೆಯವರಿಗೂ ಕೊಡುತ್ತಿದ್ದೆವು. ಎರಡು ವರ್ಷದ ಹಿಂದೆ ತಮ್ಮನ ಒತ್ತಾಯಕ್ಕೆ ಒಂದು ಹಳೆಯ ಹಾಟ್ ಪ್ರೆಸ್ ಕೊಂಡೆವು. ಹಗ್ಗಕ್ಕೆ ಬಾರದ ತುಂಡು ನಾರನ್ನು ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ ಜೊತೆ ಒತ್ತಿ ನರ್ಸರಿ ಟ್ರೇ ಮತ್ತು ಹಲಗೆ ಮಾಡುತ್ತಿದ್ದೇವೆ. ತೂಕದಲ್ಲಿ ಶೇ 30 ನಾರು, ಉಳಿದದ್ದು ಪಿಪಿ.

ನೋಡಲು ಚೆನ್ನಾಗಿದೆ. ಮುರಿದು ನೋಡಿದರೆ ಮಾತ್ರ ನಾಚಿಕೆಯಾಗುತ್ತದೆ. ಬಣವೆಯಿಂದ ಹುಲ್ಲು ಹಿರಿದ ಹಾಗೆ ಪ್ಲಾಸ್ಟಿಕ್ಕಿನೊಳಗಿಂದ ನಾರು ನುಣ್ಣಗೆ ಜಾರಿ ಹೊರಬರುತ್ತದೆ. ಎಳೆ ಇದ್ದ ಜಾಗದಲ್ಲಿ ಸೂಜಿ ಚುಚ್ಚಿದಂತೆ ತೂತು ಉಳಿಯುತ್ತದೆ. ನಾರಿಗೂ ಪ್ಲಾಸ್ಟಿಕ್ಕಿಗೂ ಮಾತೇ ಇಲ್ಲ ಎಂದ ಹಾಗಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಟ್ರೇಯ ಅಂಚು ಉಬ್ಬುತ್ತದೆ, ಕೆಲವು ಕಡೆ ಬೂಷ್ಟು ಕೂಡ ಹಿಡಿಯಿತು.

ಒಂದು ವಸ್ತುಪ್ರದರ್ಶನದಲ್ಲಿ ಸಿಕ್ಕ ಒಬ್ಬರು, "ಗಾಮಾ ವಿಕಿರಣ ಕೊಡಿಸಿ ನೋಡಿ, ನಾರೂ ಪ್ಲಾಸ್ಟಿಕ್ಕೂ ಬೆಸೆದುಕೊಳ್ಳುತ್ತವೆ, ರಾಸಾಯನಿಕದ ತೊಟ್ಟಿಯೇ ಬೇಡ" ಎಂದರು. ಮಾವಿನಹಣ್ಣಿಗೆ ವಿಕಿರಣ ಕೊಡುವ ಘಟಕ ಮಾಲೂರಿನಲ್ಲಿ ಇದೆ ಎಂದೂ ಕೇಳಿದ್ದೇನೆ. ಇದು ನಿಜವಾಗಿ ನಡೆಯುವ ಕೆಲಸವೇ? ನಾರಿಗೆ ಕೊಡಿಸಬೇಕೇ, ಪ್ಲಾಸ್ಟಿಕ್ಕಿಗೆ ಕೊಡಿಸಬೇಕೇ, ಸಿದ್ಧವಾದ ಹಲಗೆಗೇ ಕೊಡಿಸಬೇಕೇ? ತಿಳಿದವರು ಹೇಳಿ. ನಾನು ಓದಿದ್ದು ಪಿಯುಸಿ. ರಸಾಯನಶಾಸ್ತ್ರವನ್ನು ಸ್ವಲ್ಪ ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ.

ಸರಪಳಿ ಮೇಷ್ಟ್ರು:

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಯಾವುದಕ್ಕೆ ಕೊಡಿಸಬೇಕು ಎಂಬುದನ್ನು ಕೇಳದೆ ಎಷ್ಟೋ ಜನ ನೇರವಾಗಿ ಹಲಗೆಯನ್ನೇ ಕಳಿಸಿ, "ಏನೂ ಆಗಲಿಲ್ಲ" ಎಂದು ಕೈ ತೊಳೆದುಕೊಂಡಿದ್ದಾರೆ.

ವಿಕಿರಣ ಒಂದು ಶಕ್ತಿ. ಅದು ಅಣುವಿನ ಕೊಂಡಿಯನ್ನು ಕತ್ತರಿಸುತ್ತದೆ, ಅಷ್ಟೇ. ಕತ್ತರಿಸಿದ ತುದಿಗಳು ಆಮೇಲೆ ಏನು ಮಾಡುತ್ತವೆ ಎಂಬುದು ಆಯಾ ವಸ್ತುವಿನ ಸ್ವಭಾವ. ಪಾಲಿಎಥಿಲೀನ್‌ನಲ್ಲಿ ಒಂದು ಸರಪಳಿಯ ತುಂಡಾದ ಜಾಗ ಪಕ್ಕದ ಸರಪಳಿಯ ತುಂಡಾದ ಜಾಗವನ್ನು ಹಿಡಿದುಕೊಂಡು ಬಲೆಯಾಗುತ್ತದೆ. ಇದನ್ನು 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಆರ್ಥರ್ ಚಾರ್ಲ್ಸ್‌ಬಿ ತೋರಿಸಿದರು. ಇವತ್ತು ತಂತಿಯ ಮೇಲಿನ ಹೊದಿಕೆ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ಎಲ್ಲವೂ ಆ ಮರದ ಕೊಂಬೆಗಳೇ.

ಪಾಲಿಪ್ರೊಪಿಲೀನ್ ಹಾಗಲ್ಲ. ಅದರಲ್ಲಿ ಬಲೆ ಕಟ್ಟುವ ಕೆಲಸವೂ ಸರಪಳಿ ತುಂಡಾಗುವ ಕೆಲಸವೂ ಒಟ್ಟಿಗೆ ನಡೆಯುತ್ತವೆ. ಗಾಳಿಯಲ್ಲಿ ಇಟ್ಟು ವಿಕಿರಣ ಕೊಟ್ಟರೆ ಆಮ್ಲಜನಕ ಬಂದು ತುಂಡಾದ ತುದಿಗೆ ಮೊದಲು ಅಂಟುತ್ತದೆ. ಆಗ ತುಂಡಾಗುವುದೇ ಗೆಲ್ಲುತ್ತದೆ.

ಇನ್ನು ನಿಮ್ಮ ನಾರು. ನಾರಿನ ಬೆನ್ನೆಲುಬು ಸೆಲ್ಯುಲೋಸ್. ವಿಕಿರಣಕ್ಕೆ ಸೆಲ್ಯುಲೋಸ್ ತುಂಡಾಗುವುದು ನಿಶ್ಚಿತ, ಬಲೆ ಕಟ್ಟುವ ಮಾತೇ ಇಲ್ಲ. ಹರಿಹರದ ಬಳಿ ಕುಮಾರಪಟ್ಟಣದಲ್ಲಿ ವಿಸ್ಕೋಸ್ ಬಟ್ಟೆಗೆ ಬೇಕಾದ ಮರದ ತಿರುಳು ತಯಾರಾಗುವುದನ್ನು ಕೇಳಿರಬೇಕು. ಅಂಥ ತಿರುಳಿನ ಸರಪಳಿಯನ್ನು ಬೇಕೆಂದೇ ಗಿಡ್ಡ ಮಾಡಲು ಎಲೆಕ್ಟ್ರಾನ್ ಕಿರಣ ಬಳಸಬಹುದು ಎಂದು ಜಗತ್ತಿನಲ್ಲಿ ಬಹಳ ಪ್ರಯೋಗಗಳಾಗಿವೆ. ಹತ್ತಿಪ್ಪತ್ತು ಕಿಲೋಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಸಾಕು, ತಿರುಳು ಸುಲಭವಾಗಿ ಕರಗುತ್ತದೆ, ರಾಸಾಯನಿಕ ಉಳಿಯುತ್ತದೆ. ಯೋಚಿಸಿ ನೋಡಿ, ಅವರು ಸೆಲ್ಯುಲೋಸ್ ಮುರಿಯಲು ಕೊಡುವ ಪ್ರಮಾಣವನ್ನೇ ನೀವು ನಾರು ಗಟ್ಟಿಯಾಗಲೆಂದು ಕೊಡಿಸಲು ಹೊರಟಿದ್ದೀರಿ!

ಹಾಗಾದರೆ ಲಾಭ ಎಲ್ಲಿಂದ? ನಾರು ಗಟ್ಟಿಯಾಗುವುದಿಲ್ಲ, ನಾರಿನ ಮೈಗೂ ಪ್ಲಾಸ್ಟಿಕ್ಕಿನ ಮೈಗೂ ನಡುವೆ ಹಿಡಿತ ಹುಟ್ಟುತ್ತದೆ. ನಾರಿನ ತುಂಬ ನೀರನ್ನು ಪ್ರೀತಿಸುವ ಹೈಡ್ರಾಕ್ಸಿಲ್ ಗುಂಪುಗಳು, ಪಿಪಿಗೆ ನೀರು ಕಂಡರೆ ಆಗದು. ತುಂಡಾದ ಕೊಂಡಿಗಳು ಈ ಗಡಿಯಲ್ಲಿ ಸ್ವಲ್ಪ ಕೈ ಹಿಡಿದುಕೊಂಡರೆ ಹೊರೆ ಪ್ಲಾಸ್ಟಿಕ್ಕಿನಿಂದ ನಾರಿಗೆ ದಾಟುತ್ತದೆ. ಗಡಿಯಲ್ಲಿ ಸಿಗುವ ಲಾಭ ನಾರಿನೊಳಗೆ ಆಗುವ ನಷ್ಟಕ್ಕಿಂತ ಹೆಚ್ಚಿರುವ ತನಕ ಮಾತ್ರ ಇದು ವ್ಯಾಪಾರ. ಆ ಕಿಟಕಿ ಬಹಳ ಕಿರಿದು.

ದಾನಾ ವ್ಯಾಪಾರಿ:

ಮೇಷ್ಟ್ರು ಚೆನ್ನಾಗಿ ಹೇಳಿದರು. ನಾನು ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಪ್ಲಾಸ್ಟಿಕ್ ದಾನಾ, ಅಂದರೆ ಕರಗಿಸಿ ಬಳಸುವ ಕಾಳು, ಮಾಡಿಸಿ ಮಾರುವವನು. ನನ್ನ ಪ್ರಶ್ನೆ ಒಂದೇ. ಮಲೇಯಿಕ್ ಅನ್‌ಹೈಡ್ರೈಡ್ ಕೂರಿಸಿದ ಪಿಪಿ ಎಂಬುದು ಚೀಲದಲ್ಲಿ ಸಿಗುತ್ತದೆ. ನೂರು ಕಿಲೋಗೆ ಎರಡರಿಂದ ಐದು ಕಿಲೋ ಬೆರೆಸಿದರೆ ಅದರ ಒಂದು ತುದಿ ನಾರಿನ ಹೈಡ್ರಾಕ್ಸಿಲನ್ನು ಹಿಡಿಯುತ್ತದೆ, ಇನ್ನೊಂದು ತುದಿ ಪಿಪಿಯೊಳಗೆ ಬೆರೆತುಹೋಗುತ್ತದೆ. ನೀವು ಹೇಳುವ ಅದೇ ಗಡಿಯ ಕೆಲಸ. ಲಾರಿ ಬಾಡಿಗೆ ಇಲ್ಲ, ಸರದಿ ಕಾಯುವುದಿಲ್ಲ. ಇಷ್ಟು ಸುಲಭದ ದಾರಿ ಇರುವಾಗ ಗಾಮಾ ಕೊಡುವ ಕೋಬಾಲ್ಟ್ ಕೋಣೆಗೆ ಹಲಗೆ ಹೊತ್ತುಕೊಂಡು ಹೋಗುವುದು ಏಕೆ?

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಾರುಗಾರರೇ, ನೀವು ನಾರನ್ನು ಎಷ್ಟು ಒಣಗಿಸುತ್ತೀರಿ? ಬಿಸಿಲಿಗೆ ಹರವಿ ತೆಗೆದ ನಾರಿನಲ್ಲಿ ಶೇ 10ರಷ್ಟು ನೀರು ಹಾಗೇ ಇರುತ್ತದೆ. ಪ್ರೆಸ್‌ನೊಳಗೆ ಅದು ಆವಿಯಾಗಿ ಗುಳ್ಳೆ ಮಾಡುತ್ತದೆ. ಮುರಿದ ಜಾಗದಲ್ಲಿ ಕಾಣುವ ತೂತುಗಳೆಲ್ಲ ನಾರು ಜಾರಿದ ತೂತುಗಳೇ ಎಂದು ಹೇಗೆ ಹೇಳುತ್ತೀರಿ?

ನಾರುಗಾರ ತಿಪಟೂರು:

ಬಿಸಿಲಿಗೆ ಹರವುವುದು ನಿಜ. ಓವನ್ ಇಲ್ಲ. ನೀವು ಹೇಳಿದ ಮೇಲೆ ಹಳೆಯ ತುಂಡುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಎರಡು ಬಗೆಯ ತೂತುಗಳಿವೆ, ಒಂದು ಉದ್ದ, ಒಂದು ಗುಂಡು. ಗುಂಡಗಿರುವುದು ಆವಿಯ ಗುಳ್ಳೆ ಇರಬೇಕು. ಎರಡು ವರ್ಷ ನೋಡಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ.

ಅಂಗಳದ ತುಳಸಿ:

ನಾನು ತಾರಸಿಯಲ್ಲಿ ಸೊಪ್ಪು ಬೆಳೆಯುವವಳು, ವಿಜ್ಞಾನ ಗೊತ್ತಿಲ್ಲ. ವಿಕಿರಣ ಕೊಟ್ಟ ಟ್ರೇಯಲ್ಲಿ ಸಸಿ ಬೆಳೆದರೆ ಆ ವಿಕಿರಣ ಸೊಪ್ಪಿಗೆ ಬರುವುದಿಲ್ಲವೇ? ಇದನ್ನು ಯಾರೂ ಕೇಳಲಿಲ್ಲವಲ್ಲ ಎಂದು ಕೇಳುತ್ತಿದ್ದೇನೆ.

ಗಾಮಾ ಪಾಳಿ:

ತುಳಸಿ ಅಕ್ಕ, ಒಳ್ಳೆಯದಾಯಿತು ಕೇಳಿದ್ದು. ನಾನು ವಿಕಿರಣ ಘಟಕವೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ಊರಿಗೆ ಹೋದಾಗಲೆಲ್ಲ ಇದೇ ಪ್ರಶ್ನೆ, ಒಬ್ಬ ಸೋದರತ್ತೆಯಂತೂ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಿದ್ದರು.

ಬರುವುದಿಲ್ಲ. ಕೋಬಾಲ್ಟ್-60 ಹೊರಬಿಡುವ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ನಾರಿನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಇರುವ ಪರಮಾಣುವಿನ ಬೀಜವನ್ನು ಅಲುಗಿಸಿ ವಿಕಿರಣಶೀಲ ಮಾಡಲು ಅದು ಸಾಲದು. ಬಿಸಿಲಿಗೆ ಒಣಹಾಕಿದ ಸೀರೆ ರಾತ್ರಿ ಬೆಳಕು ಕೊಡುವುದಿಲ್ಲ, ಹಾಗೆಯೇ ಇದೂ. ಆಸ್ಪತ್ರೆಯಲ್ಲಿ ಬಳಸುವ ಎಷ್ಟೋ ಸಿರಿಂಜ್, ಕೈಗವಸು, ಹೊಲಿಗೆ ದಾರ ಗಾಮಾ ದಾಟಿಯೇ ಬಂದಿರುತ್ತವೆ. ಮುಂಬೈ ಟ್ರಾಂಬೆಯ ಐಸೊಮೆಡ್ ಎಂಬ ವಿಕಿರಣ ಘಟಕ 1974ರಿಂದ ಆ ಕೆಲಸ ಮಾಡಿದೆ. ಅಪಾಯ ಇರುವುದು ಸರಕಿನಲ್ಲಲ್ಲ, ಕೋಬಾಲ್ಟ್ ಕಡ್ಡಿಯಲ್ಲಿ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹಳೆಯ ಪ್ರಯೋಗಾಲಯದ ಉಪಕರಣ ಗುಜರಿಗೆ ಹೋಗಿ ಒಬ್ಬರು ಸತ್ತರು. ಅದಕ್ಕೇ ನಮ್ಮಲ್ಲಿ ಕಡ್ಡಿಗಳನ್ನು ಆಳವಾದ ನೀರಿನ ಕೊಳದಲ್ಲಿ ಇಳಿಸಿ ಇಡುತ್ತಾರೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಒಂದು ಬಾಗಿಲೂ ತೆರೆಯುವುದಿಲ್ಲ.

ನಾರುಗಾರರಿಗೆ ಕೆಲಸದ ಮಾತು. ಗ್ರೇ ಎಂದರೆ ಒಂದು ಕಿಲೋ ಸರಕಿನಲ್ಲಿ ಒಂದು ಜೂಲ್ ಶಕ್ತಿ. ಸಾವಿರ ಗ್ರೇ ಒಂದು ಕಿಲೋಗ್ರೇ. ಈರುಳ್ಳಿ ಮೊಳಕೆ ತಡೆಯಲು 0.1 ಕಿಲೋಗ್ರೇ ಆಸುಪಾಸು ಸಾಕು, ಅಮೆರಿಕಕ್ಕೆ ಹೋಗುವ ಮಾವಿಗೆ ಕನಿಷ್ಠ 0.4, ಮಸಾಲೆ ಪುಡಿಗೆ 6ರಿಂದ 14, ಆಸ್ಪತ್ರೆ ಸಾಮಾನಿಗೆ ಸಾಮಾನ್ಯವಾಗಿ 25. ನಿಮಗೆ ಬೇಕಾದದ್ದು ಮಸಾಲೆಯ ಸಾಲಿನಲ್ಲಿ ಅಥವಾ ಅದಕ್ಕೂ ಕೆಳಗೆ ಬರುತ್ತದೆ. ಹಾಗೆಂದು ಮೆಣಸಿನ ಪುಡಿಯ ಪಕ್ಕದಲ್ಲಿ ನಿಮ್ಮ ಹಲಗೆ ಇಟ್ಟು ಕಳಿಸಲು ಆಹಾರ ಘಟಕದವರು ಒಪ್ಪುತ್ತಾರೆ ಎಂದು ನಂಬಿಕೊಂಡು ಲಾರಿ ಹತ್ತಿಸಬೇಡಿ, ಮೊದಲು ಫೋನ್ ಮಾಡಿ. ಆಸ್ಪತ್ರೆ ಸಾಮಾನು ಓಡುವ ಘಟಕದಲ್ಲಿ 5 ಕಿಲೋಗ್ರೇ ಕೇಳಿದರೆ ನಮಗೇ ತಲೆನೋವು. ಪೆಟ್ಟಿಗೆಗಳು ಸಾಲಾಗಿ ಒಂದೇ ವೇಗದಲ್ಲಿ ಸುತ್ತುತ್ತವೆ, ನಿಮ್ಮ ಒಂದು ಪೆಟ್ಟಿಗೆಗಾಗಿ ಸಾಲಿನ ವೇಗ ಬದಲಿಸುವುದಿಲ್ಲ. ಬದಿಯಲ್ಲಿ ಇಟ್ಟು ಕಡಿಮೆ ಪ್ರಮಾಣ ಕೊಡುವ ಜಾಗ ಇದೆಯೇ ಎಂದು ವಿಚಾರಿಸಿ.

ಇನ್ನೊಂದು, ಪೆಟ್ಟಿಗೆಯ ಎಲ್ಲ ಮೂಲೆಗೂ ಒಂದೇ ಪ್ರಮಾಣ ಬೀಳುವುದಿಲ್ಲ. ಒಳಗೆ ಕಡಿಮೆ, ಹೊರಗೆ ಹೆಚ್ಚು. ಪೆಟ್ಟಿಗೆಯ ಮೇಲೆ ಹಚ್ಚುವ ಬಣ್ಣ ಬದಲಾಗುವ ಚೀಟಿ "ವಿಕಿರಣ ಬಿದ್ದಿದೆ" ಎಂದು ಹೇಳುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ಅಳತೆಯ ವರದಿ ಕೇಳಿ ಪಡೆಯಿರಿ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಎರಡೂ ಅಂಕಿ ಇರಬೇಕು.

ಕೊಣಾಜೆ ಗುಡ್ಡ:

ನಾನು ಪಾಲಿಮರ್ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಗಾಮಾ ಬಗ್ಗೆಯೇ ಮಾತು ನಡೆಯುತ್ತಿದೆ. ಎಲೆಕ್ಟ್ರಾನ್ ಕಿರಣವನ್ನು ಮರೆಯಬೇಡಿ, ಪಿಪಿಯ ವಿಷಯದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಗಾಮಾದಲ್ಲಿ 10 ಕಿಲೋಗ್ರೇ ತಲುಪಲು ಗಂಟೆಗಟ್ಟಲೆ ಬೇಕಾಗಬಹುದು. ಅಷ್ಟು ಹೊತ್ತು ಗಾಳಿಯ ಆಮ್ಲಜನಕ ನಿಧಾನವಾಗಿ ಒಳಕ್ಕೆ ಇಳಿದು, ತುಂಡಾದ ಪ್ರತಿ ತುದಿಯನ್ನೂ ಹಾಳು ಮಾಡುತ್ತಿರುತ್ತದೆ. ಎಲೆಕ್ಟ್ರಾನ್ ಕಿರಣದಲ್ಲಿ ಅದೇ ಪ್ರಮಾಣ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಆಮ್ಲಜನಕಕ್ಕೆ ಒಳಬರಲು ಸಮಯವೇ ಸಿಗುವುದಿಲ್ಲ. ಆದರೆ ಎಲೆಕ್ಟ್ರಾನ್ ಆಳಕ್ಕೆ ಇಳಿಯುವುದಿಲ್ಲ. 10 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಇದ್ದರೂ ನೀರಿನಷ್ಟು ಸಾಂದ್ರವಾದ ವಸ್ತುವಿನಲ್ಲಿ ಮೂರೂವರೆ ಸೆಂಟಿಮೀಟರ್ ಆಸುಪಾಸು ಮಾತ್ರ ಸಮನಾಗಿ ಕೆಲಸಕ್ಕೆ ಬರುತ್ತದೆ. ನಾಲ್ಕೈದು ಮಿಲಿಮೀಟರ್ ಹಲಗೆಗೆ ಅದು ಧಾರಾಳ.

ನಮ್ಮ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಯಂತ್ರ. ಅಂಗೈಯಗಲದ ಮಾದರಿಗಳಿಗೆ ಚೆನ್ನ, ಲಾರಿ ಸರಕಿಗಲ್ಲ. ದೊಡ್ಡ ಪ್ರಮಾಣಕ್ಕೆ ನವಿ ಮುಂಬೈ ಖಾರ್‌ಘರ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಎಲೆಕ್ಟ್ರಾನ್ ಕಿರಣ ಕೇಂದ್ರ ಇದೆ. ಲೆಕ್ಕ ಸುಲಭ. ಒಂದು ಕಿಲೋವಾಟ್ ಕಿರಣ ಪೂರ್ತಿ ಸರಕಿಗೇ ಬಿದ್ದರೆ ಗಂಟೆಗೆ 360 ಕಿಲೋ ಸರಕಿಗೆ 10 ಕಿಲೋಗ್ರೇ ಕೊಡಬಹುದು. ಅರ್ಧ ಪೋಲಾಯಿತು ಎಂದುಕೊಂಡರೂ 180 ಕಿಲೋ.

ಮೇಷ್ಟ್ರಿಗೆ ಒಂದು ತಿದ್ದುಪಡಿ, ಕ್ಷಮಿಸಿ. ಸೆಲ್ಯುಲೋಸ್ ಬಗ್ಗೆ ಹೇಳಿದ್ದು ಸೆಣಬಿಗೆ ಹೆಚ್ಚು ಒಪ್ಪುತ್ತದೆ. ತೆಂಗಿನ ನಾರಿನಲ್ಲಿ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತು ಶೇ 40ರ ಮೇಲೆ, ಸೆಣಬಿನಲ್ಲಿ ಶೇ 12 ಆಸುಪಾಸು. ಲಿಗ್ನಿನ್‌ನಲ್ಲಿರುವ ಬೆನ್ಜೀನ್ ಉಂಗುರಗಳು ಬಂದ ಶಕ್ತಿಯನ್ನು ಹೀರಿ ಹಂಚಿಬಿಡುತ್ತವೆ. ಆದ್ದರಿಂದ ನಮ್ಮ ನಾರು ಸೆಣಬಿನಷ್ಟು ಬೇಗ ಸೋಲುವುದಿಲ್ಲ.

ಸರಪಳಿ ಮೇಷ್ಟ್ರು:

ತಿದ್ದುಪಡಿ ಒಪ್ಪಿದೆ ಮಗಳೇ, ಆದರೆ ನಾಣ್ಯದ ಇನ್ನೊಂದು ಬದಿಯನ್ನು ನೀನು ಹೇಳದೆ ಬಿಟ್ಟೆ. ಆ ಲಿಗ್ನಿನ್ನೇ ತುಂಡಾದ ತುದಿಗಳಾದ ರ‍್ಯಾಡಿಕಲ್‌ಗಳನ್ನೂ ನುಂಗುತ್ತದೆ. ನಾವು ಗಡಿಯಲ್ಲಿ ಕೈ ಹಿಡಿಸಲು ಹುಟ್ಟಿಸಿದ ತುದಿಗಳನ್ನು ಕೆಲಸ ಆಗುವ ಮುಂಚೆಯೇ ಶಾಂತ ಮಾಡಿಬಿಡುತ್ತದೆ. ನಾರನ್ನು ಕಾಯುವ ಕಾವಲುಗಾರನೇ ಮದುವೆಗೆ ಬಂದ ನೆಂಟರನ್ನೂ ಬಾಗಿಲಲ್ಲಿ ತಡೆದ ಹಾಗೆ. ಅದಕ್ಕೇ ತೆಂಗಿನ ನಾರನ್ನು ಮೊದಲು ಶೇ 5ರಷ್ಟು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಮೈಮೇಲಿನ ಮೇಣ ಮತ್ತು ಒಂದಿಷ್ಟು ಲಿಗ್ನಿನ್ ತೆಗೆದು ಒರಟು ಮಾಡಿ ಆಮೇಲೆ ಮುಂದಿನ ಕೆಲಸಕ್ಕೆ ಹೋಗುವುದು. "ರಾಸಾಯನಿಕದ ತೊಟ್ಟಿಯೇ ಬೇಡ" ಎಂದ ಆ ಪುಣ್ಯಾತ್ಮ ಇದನ್ನು ಹೇಳಿರಲಿಕ್ಕಿಲ್ಲ.

ಪುಂಡಿಪಲ್ಲೆ:

ಸ್ಟುಟ್‌ಗಾರ್ಟ್‌ನಿಂದ, ಮೂಲ ರಾಯಚೂರು. ಹೆಸರು ನೋಡಿ ನಗಬೇಡಿ, ಅದಕ್ಕೆ ಕಾರಣ ಇದೆ. ಇಲ್ಲಿ ಕಾರಿನ ಬಾಗಿಲ ಒಳಹಲಗೆಗಳನ್ನು ಅಗಸೆ ನಾರು, ಕೆನಾಫ್ ನಾರು ಸೇರಿಸಿ ಪಿಪಿಯಲ್ಲಿ ಒತ್ತಿ ಮಾಡುತ್ತಾರೆ. ಕೆನಾಫ್ ಎಂದರೆ ಯಾವುದೋ ವಿದೇಶಿ ಗಿಡ ಎಂದು ಎರಡು ವರ್ಷ ಅಂದುಕೊಂಡಿದ್ದೆ. ಸಸ್ಯದ ಚಿತ್ರ ನೋಡಿದ ದಿನ ನಗು ಬಂತು, ಅದು ನಮ್ಮ ಅವ್ವ ಜೋಳದ ರೊಟ್ಟಿಗೆ ಮಾಡುವ ಪುಂಡಿ ಪಲ್ಯದ ಬಳಗವೇ!

ವಿಷಯಕ್ಕೆ ಬರುತ್ತೇನೆ. ಈ ಬಾಗಿಲ ಹಲಗೆಗಳಲ್ಲಿ ನಾನು ಕಂಡಷ್ಟರ ಮಟ್ಟಿಗೆ ವಿಕಿರಣ ಇಲ್ಲ, ದಾನಾ ವ್ಯಾಪಾರಿಯವರು ಹೇಳಿದ ಮಲೇಯಿಕ್ ದಾರಿಯೇ. ತಮಾಷೆ ಎಂದರೆ ಅದೇ ಕಾರಿನ ತಂತಿಗಳ ಹೊದಿಕೆ, ಟೈರಿನೊಳಗಿನ ಪದರ ಇವು ಎಲೆಕ್ಟ್ರಾನ್ ಕಿರಣ ದಾಟಿ ಬಂದಿರಬಹುದು. ಒಂದೇ ಗಾಡಿಯಲ್ಲಿ ತಂತಿಗೆ ಲಾಭವಾಗುವುದು ಹಲಗೆಗೆ ಆಗದು. ಅಂದ ಹಾಗೆ ನಾರು ಬೆರೆಸಿ ಕಾರು ಮಾಡುವುದು ಹೊಸದೇನಲ್ಲ, ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಮೈ ಹತ್ತಿಯ ತ್ಯಾಜ್ಯ ಮತ್ತು ಫೀನಾಲ್ ರಾಳದ್ದು. ಅದನ್ನು ಗುಜರಿಗೆ ಹಾಕುವುದೇ ಆಮೇಲೆ ದೊಡ್ಡ ಸಮಸ್ಯೆಯಾಯಿತು, ಕರಗಿಸಿ ಮತ್ತೆ ಬಳಸುವ ಹಾಗಿರಲಿಲ್ಲ. ನೀವು ಪಿಪಿಯನ್ನು ಬಲೆ ಕಟ್ಟಿಸಿ ಗಟ್ಟಿ ಮಾಡಿದರೂ ಅದೇ ಕಥೆ, ಹಳೆಯ ಟ್ರೇಯನ್ನು ಮತ್ತೆ ಕರಗಿಸಲಾಗದು.

ಮಣ್ಣಿಗೆ ಮರಳಿ:

ಅದನ್ನೇ ಹೇಳಬೇಕೆಂದಿದ್ದೆ. ನಾರುಗಾರರ ಮೇಲೆ ಕೋಪವಿಲ್ಲ, ಆದರೆ ನಾರು ಮತ್ತು ಪಿಪಿ ಬೆರೆಸಿದ ಟ್ರೇಯನ್ನು "ಪರಿಸರಸ್ನೇಹಿ" ಎಂದು ಅಂಗಡಿಯಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ನಾರು ಬರೀ ನಾರಾಗಿದ್ದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಪಿಪಿ ಬರೀ ಪಿಪಿಯಾಗಿದ್ದರೆ ಗುಜರಿಯವನು ಕೊಳ್ಳುತ್ತಾನೆ. ಎರಡನ್ನೂ ಬೆರೆಸಿ, ಮೇಲೆ ಬಿಡಿಸಲಾಗದ ಹಾಗೆ ಬೆಸೆದರೆ ಎರಡೂ ದಾರಿ ಮುಚ್ಚುತ್ತದೆ. ನಾರು ಚೆನ್ನಾಗಿ ಅಂಟಲಿ ಎಂದು ಇಷ್ಟೆಲ್ಲ ಹೆಣಗುತ್ತೀರಲ್ಲ, ಬಿಡಿಸುವವರ ಪಾಡೇನು?

ದಾನಾ ವ್ಯಾಪಾರಿ:

ಬಲೆ ಕಟ್ಟಿದ್ದರೆ ನಿಮ್ಮ ಮಾತು ಸರಿ. ಕಟ್ಟದ ಪಿಪಿ-ನಾರು ಹಲಗೆಯನ್ನು ಪುಡಿ ಮಾಡಿ ಮತ್ತೆ ಒತ್ತಬಹುದು, ನಾನು ಮಾಡಿಸಿದ್ದೇನೆ. ಪ್ರತಿ ಸಲವೂ ನಾರು ಗಿಡ್ಡವಾಗುತ್ತದೆ, ಬಣ್ಣ ಕಪ್ಪಾಗುತ್ತದೆ. 200 ಡಿಗ್ರಿ ದಾಟಿಸಿದರೆ ನಾರು ಸುಟ್ಟ ವಾಸನೆ ಬರುತ್ತದೆ, ಅದಕ್ಕೇ ಪಿಪಿಯಂಥ ಕಡಿಮೆ ಬಿಸಿಗೆ ಕರಗುವ ಪ್ಲಾಸ್ಟಿಕ್ಕಿನ ಜೊತೆ ಮಾತ್ರ ಈ ಆಟ, ಪಿಪಿ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಾಲ್ಕೈದು ವರ್ಷ ಬಾಳುವ ಟ್ರೇ ಒಂದೇ ಹಂಗಾಮಿಗೆ ಹರಿಯುವ ತೆಳು ಟ್ರೇಗಿಂತ ಮೇಲು ಎಂಬುದು ನನ್ನ ಲೆಕ್ಕ. "ಪರಿಸರಸ್ನೇಹಿ" ಎಂಬ ಚೀಟಿ ಅಂಟಿಸುವುದು ಬೇಡ ಎಂಬುದಕ್ಕೆ ನನ್ನ ಸಹಿಯೂ ಇದೆ.

ಸರಪಳಿ ಮೇಷ್ಟ್ರು:

ನಾರುಗಾರರು ಕೇಳಿದ ಮೂರು ದಾರಿಗೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಈ ವಿಷಯದಲ್ಲಿ ಬಹಳ ದುಡಿದವರು ನಮ್ಮ ನೆರೆಯವರು. ಢಾಕಾದ ಬಳಿಯ ಸಾವರ್‌ನಲ್ಲಿ ಬಾಂಗ್ಲಾದೇಶ ಪರಮಾಣು ಶಕ್ತಿ ಆಯೋಗದ ವಿಕಿರಣ ಮತ್ತು ಪಾಲಿಮರ್ ತಂತ್ರಜ್ಞಾನ ಸಂಸ್ಥೆ ಇದೆ. ಸೆಣಬು ಅವರಿಗೆ ನಮಗೆ ತೆಂಗು ಇದ್ದ ಹಾಗೆ, ಬಿಟ್ಟರೆ ಬದುಕಿಲ್ಲ. ಮುಬಾರಕ್ ಅಹ್ಮದ್ ಖಾನ್ ಮತ್ತು ಅವರ ಜೊತೆಗಾರರು ಸೆಣಬು-ಪಿಪಿ ಹಲಗೆಗಳ ಮೇಲೆ ಗಾಮಾವನ್ನೂ ಅತಿನೇರಳೆ ಕಿರಣವನ್ನೂ ವರ್ಷಗಟ್ಟಲೆ ಪರೀಕ್ಷಿಸಿದರು. ಅವರ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಗೆರೆ: ಕೆಲವೇ ಕಿಲೋಗ್ರೇವರೆಗೆ ಬಲ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಇಳಿಜಾರು. ಅಂದಹಾಗೆ ಸೆಣಬಿನ "ಸೋನಾಲಿ" ಚೀಲದಿಂದ ಹೆಸರಾದವರು ಇದೇ ಖಾನ್. ಸೆಣಬಿನ ಬಟ್ಟೆ ಮತ್ತು ರಾಳದಿಂದ ಮಾಡಿದ "ಜೂಟಿನ್" ಎಂಬ ಚಾವಣಿ ತಗಡೂ ಅವರದೇ.

ಮೊದಲ ದಾರಿ, ನಾರಿಗೆ ಕೊಡಿಸುವುದು. ಬರೀ ನಾರಿಗೆ ಕೊಟ್ಟರೆ ನಷ್ಟವೇ ಹೆಚ್ಚು. ನಾರನ್ನು ಎರಡು ಮೂರು ಜೋಡಿಕೊಂಡಿ ಇರುವ ಅಕ್ರಿಲೇಟ್ ದ್ರವದಲ್ಲಿ ಅದ್ದಿ ಕೊಟ್ಟರೆ ಆ ದ್ರವ ನಾರಿನ ಮೈಗೆ ಕಸಿಯಾಗಿ ಕೂರುತ್ತದೆ. ಮಾವಿನ ಕಸಿ ಕಟ್ಟಿದವರಿಗೆ ಅರ್ಥವಾಗುತ್ತದೆ, ತಾಯಿಗಿಡ ಒಂದು, ಮೇಲಿನ ಕುಡಿ ಇನ್ನೊಂದು. ದ್ರವ ದುಬಾರಿ, ಕೈಗೆ ತಾಗಿದರೆ ಚರ್ಮ ಕೆರಳುತ್ತದೆ.

ಎರಡನೆಯ ದಾರಿ, ಸಿದ್ಧ ಹಲಗೆಗೆ ಕೊಡಿಸುವುದು. ಪಿಪಿಯಲ್ಲಿ ಟಿಎಂಪಿಟಿಎ ಅಥವಾ ಟಿಎಐಸಿ ಎಂಬ, ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿಕಾರಕವನ್ನು ಮೊದಲೇ ಬೆರೆಸಿದ್ದರೆ ಮಾತ್ರ ಅರ್ಥ ಇದೆ. ಬೆರೆಸದೆ ಕೊಟ್ಟರೆ ಪಿಪಿ ದಿನ ಕಳೆದ ಹಾಗೆ ಹುರಿದ ಹಪ್ಪಳವಾಗುತ್ತದೆ. ವಿಕಿರಣ ನಿಂತ ಮೇಲೂ ಪಿಪಿಯ ಹರಳುಭಾಗದೊಳಗೆ ಸಿಕ್ಕಿಕೊಂಡ ರ‍್ಯಾಡಿಕಲ್‌ಗಳು ತಿಂಗಳುಗಟ್ಟಲೆ ಬದುಕಿದ್ದು, ಆಮ್ಲಜನಕ ಸಿಕ್ಕಾಗಲೆಲ್ಲ ಸರಪಳಿ ಕಡಿಯುತ್ತವೆ. ಸಾಮಾನ್ಯ ಪಿಪಿಯ ಸಿರಿಂಜನ್ನು ಗಾಮಾಕ್ಕೆ ಹಾಕಿದರೆ ಕಪಾಟಿನಲ್ಲಿ ಇದ್ದಲ್ಲೇ ಬಿರುಕು ಬಿಡುವುದು ಇದಕ್ಕೇ. ಅವರು ವಿಕಿರಣ ತಡೆಯುವ ಬೇರೆ ದರ್ಜೆ ಬಳಸುತ್ತಾರೆ. ಹಾಗಾಗಿ ಹಲಗೆಯನ್ನು ವಿಕಿರಣ ಕೊಟ್ಟ ಮಾರನೆಯ ದಿನವೇ ಪರೀಕ್ಷಿಸಿ ಖುಷಿಪಡಬೇಡಿ, ಮೂರು ತಿಂಗಳು ಬಿಟ್ಟು ಮತ್ತೆ ಮುರಿಯಿರಿ.

ಮೂರನೆಯದು ನನಗೆ ಇಷ್ಟವಾದ ದಾರಿ. ಎಲ್ಲಕ್ಕೂ ಕೊಡಿಸಬೇಡಿ, ಪಿಪಿಯ ಪುಡಿಯಲ್ಲಿ ಒಂದು ಪಾಲಿಗೆ ಮಾತ್ರ ಗಾಳಿಯಲ್ಲೇ ಕೊಡಿಸಿ. ಇಷ್ಟು ಹೊತ್ತು ಶತ್ರು ಎಂದ ಆಮ್ಲಜನಕ ಇಲ್ಲಿ ನೆಂಟ. ಅದು ಸರಪಳಿಗೆ ಅಂಟಿ ಪೆರಾಕ್ಸೈಡ್ ಆಗಿ ಕೂತಿರುತ್ತದೆ. ಆ ಪುಡಿಯನ್ನು ನೂರಕ್ಕೆ ಐದರಂತೆ ಬೆರೆಸಿ ನಾರಿನ ಜೊತೆ ಬಿಸಿಯಲ್ಲಿ ಅರೆದಾಗ ಪೆರಾಕ್ಸೈಡ್ ಒಡೆದು, ಆ ತುದಿಗಳು ನಾರನ್ನು ಹಿಡಿಯುತ್ತವೆ. ಸಾಗಿಸುವ ಸರಕು ಇಪ್ಪತ್ತರಲ್ಲಿ ಒಂದು ಪಾಲಾಯಿತು. ಬುಡಾಪೆಸ್ಟ್‌ನ ತಿಬೋರ್ ಚ್ವಿಕೋವ್‌ಸ್ಕಿ 1990ರ ದಶಕದಲ್ಲಿ ಮರದ ನಾರು ಮತ್ತು ಪಿಪಿಯ ಮೇಲೆ ಎಲೆಕ್ಟ್ರಾನ್ ಕಿರಣ ಬಳಸಿದ ಕೆಲಸವೂ ಇದೇ ಮನೆತನದ್ದು, ಎಲ್ಲ ಸರಕಿಗೂ ಕೊಡದೆ ಒಂದು ಭಾಗವನ್ನು ಮಾತ್ರ ಎಚ್ಚರಿಸಿ, ಬೆರೆಸುವಾಗ ಕೆಲಸ ತೆಗೆಯುವುದು.

ನಾರುಗಾರ ತಿಪಟೂರು (ನಾಲ್ಕು ತಿಂಗಳ ನಂತರ):

ಎಲ್ಲರೂ ಮರೆತಿರಬಹುದು, ನಾನು ಮರೆತಿಲ್ಲ. ಮಾಡಿ ನೋಡಿದ್ದನ್ನು ಬರೆಯುತ್ತೇನೆ. ನಮ್ಮದು ಪ್ರಯೋಗಾಲಯವಲ್ಲ, ಹಲಗೆಯ ಪಟ್ಟಿಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ನಡುವೆ ಮರಳಿನ ಬಕೆಟ್ ತೂಗುಹಾಕಿ, ಮುರಿಯುವ ತನಕ ಮರಳು ಸುರಿದು ತೂಕ ಹಾಕಿದ್ದು. ಅದಕ್ಕೇ ಅಂಕಿ ಕೊಡುವುದಿಲ್ಲ, ಯಾವುದು ಮೇಲು ಯಾವುದು ಕೀಳು ಎಂದಷ್ಟೇ ಹೇಳುತ್ತೇನೆ.

ಮೊದಲು ಒಂದು ಹಳೆಯ ಕಬ್ಬಿಣದ ಬೀರುವಿಗೆ ಹೀಟರ್ ಕೂರಿಸಿ ನಾರನ್ನು ರಾತ್ರಿಯಿಡೀ ಒಣಗಿಸಿದೆವು. ನಂಬಿ, ಅರ್ಧ ರೋಗ ಅಲ್ಲೇ ವಾಸಿಯಾಯಿತು. ಗುಂಡು ತೂತುಗಳು ಮಾಯ. ದಾನಾ ವ್ಯಾಪಾರಿಯವರಿಗೆ ಒಂದು ಮೂಟೆ ಎಳನೀರು ಬಾಕಿ ಇದೆ.

ಆಮೇಲೆ ಒಂದು ಘಟಕ ಒಪ್ಪಿಕೊಂಡಿತು. ಹೆಸರು ಬೇಡ, ಏಕೆಂದರೆ 5 ಕಿಲೋಗ್ರೇ ಕೇಳಿದ ಪೆಟ್ಟಿಗೆಗೆ ಬಂದ ವರದಿಯಲ್ಲಿ ಕನಿಷ್ಠ 7, ಗರಿಷ್ಠ 11 ಎಂದಿತ್ತು. ಗಾಮಾ ಪಾಳಿಯವರು ಹೇಳಿರದಿದ್ದರೆ ಆ ವರದಿಯನ್ನು ಕೇಳುತ್ತಲೂ ಇರಲಿಲ್ಲ.

ಬರೀ ನಾರಿಗೆ 25 ಕಿಲೋಗ್ರೇ ಕೊಡಿಸಿದ್ದು ಕೈಯಲ್ಲಿ ತಿರುಚಿದರೆ ಮೊದಲಿನ ಹಾಗೆ ಹಿಗ್ಗುವುದಿಲ್ಲ. ತೆಂಗಿನ ನಾರಿನ ಗುಣವೇ ಹಿಗ್ಗುವುದು, ಹಗ್ಗದವರು ಅದಕ್ಕೇ ದುಡ್ಡು ಕೊಡುತ್ತಾರೆ. ಅದೇ ಹೋದ ಮೇಲೆ ಇನ್ನೇನು. ಆ ದಾರಿ ಬಿಟ್ಟೆ.

ಸಿದ್ಧ ಹಲಗೆಗೆ ಕೊಡಿಸಿದ್ದು ಮೊದಲ ವಾರ ಸ್ವಲ್ಪ ಬಿಗಿಯಾಗಿತ್ತು, ತಮ್ಮ ಕುಣಿದಾಡಿದ. ಮೇಷ್ಟ್ರ ಮಾತಿನಂತೆ ಅರ್ಧ ಪಟ್ಟಿಗಳನ್ನು ಸೂರಿನಲ್ಲಿ ಸಿಕ್ಕಿಸಿ ಇಟ್ಟಿದ್ದೆ. ಮೂರು ತಿಂಗಳಿಗೆ ಹಳದಿಗಟ್ಟಿ, ಬಗ್ಗಿಸಿದರೆ ಪಟ್ ಎಂದು ಮುರಿದವು, ಏನೂ ಕೊಡಿಸದ ಹಲಗೆಗಿಂತ ಬೇಗ. ಕೊಂಡಿಕಾರಕ ಹಾಕಿರಲಿಲ್ಲ, ಅದು ನನ್ನ ತಪ್ಪು.

ಪುಡಿಯ ದಾರಿ ಕೆಲಸ ಮಾಡಿತು. ವಿಕಿರಣ ಕಂಡ ಪಿಪಿ ಪುಡಿಯನ್ನು ನೂರಕ್ಕೆ ಐದು ಬೆರೆಸಿದ ಹಲಗೆಯನ್ನು ಮುರಿದಾಗ ನಾರು ಗಿಡ್ಡಗಿಡ್ಡವಾಗಿ ತುಂಡಾಗಿತ್ತು, ಮೈಗೆ ಪ್ಲಾಸ್ಟಿಕ್ಕಿನ ಚೂರು ಅಂಟಿಕೊಂಡಿತ್ತು. ಹತ್ತು ದಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರೂ ಅಂಚು ಹಿಂದಿನಷ್ಟು ಉಬ್ಬಲಿಲ್ಲ. ಆದರೆ ಪಕ್ಕದಲ್ಲೇ ಮಲೇಯಿಕ್ ದಾನಾ ಹಾಕಿದ ಹಲಗೆಯೂ ಇತ್ತು. ಅದು ಇದಕ್ಕಿಂತ ಒಂದು ಚೊಂಬು ಮರಳು ಹೆಚ್ಚು ಹೊತ್ತಿತು. ಒಂದೇ ಚೊಂಬು.

ಈ ಹಂಗಾಮಿಗೆ ಮಲೇಯಿಕ್ ಹಾಕಿ ಟ್ರೇ ಮಾಡುತ್ತಿದ್ದೇನೆ. ಟ್ರೇಯ ಮೇಲಿನ ಹಸಿರು ಎಲೆಯ ಚೀಟಿ ತೆಗೆದು "ತೆಂಗಿನ ನಾರು ಬೆರೆಸಿದ ಪ್ಲಾಸ್ಟಿಕ್" ಎಂದು ಬರೆಸಿದ್ದೇನೆ. ಅಂಗಡಿಯವನು ಮುಖ ಸಿಂಡರಿಸಿದ.

ಒಂದು ಪ್ರಶ್ನೆ ಉಳಿದಿದೆ. ವಿಕಿರಣ ಕೊಡಿಸಿದ ಪುಡಿ ಇನ್ನೂ ಎಂಟು ಕಿಲೋ ಇದೆ. ಮೊನ್ನೆ ಅದನ್ನೇ ಹಾಕಿ ಒತ್ತಿದ ಹಲಗೆಯಲ್ಲಿ ನಾರು ಮತ್ತೆ ಸ್ವಲ್ಪ ಜಾರುತ್ತಿದೆ. ಪುಡಿ ಹಳಸಿತೇ?

ಕೊಣಾಜೆ ಗುಡ್ಡ:

ಹಳಸಿತು ಎಂದೇ ಹೇಳಬಹುದು ಅಣ್ಣ. ಪೆರಾಕ್ಸೈಡ್ ಬಿಸಿಗೆ ತಾನಾಗಿಯೇ ಒಡೆಯುತ್ತದೆ, ನಿಮ್ಮ ಶೆಡ್ಡಿನ ತಗಡಿನ ಕೆಳಗೆ ಬೇಸಿಗೆ ಕಳೆದಿದೆ ಬೇರೆ. ನಾವು ಮಾದರಿಗಳನ್ನು ಕೊಡಿಸಿದ ತಕ್ಷಣ ಫ್ರೀಜರ್‌ನಲ್ಲಿ ಇಡುತ್ತೇವೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್‌ಗೆ ಹಾಕಿ. ಮುಂದಿನ ಸಲ ಒಂದು ತಿಂಗಳಿಗೆ ಬೇಕಾದಷ್ಟನ್ನೇ ಕೊಡಿಸಿ. ಮುರಿದ ತುಂಡುಗಳನ್ನು ಎಸೆಯಬೇಡಿ, ಹೊಸ ಪುಡಿಯದ್ದೊಂದು, ಹಳೆಯ ಪುಡಿಯದ್ದೊಂದು ಅಂಚೆಯಲ್ಲಿ ಕಳಿಸಿಕೊಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ.

ನಾರುಗಾರ ತಿಪಟೂರು:

ತುಂಡು ನಾಳೆಯೇ ಕಳಿಸುತ್ತೇನೆ. ಫ್ರಿಜ್ ಮಾತು ಮನೆಯವಳಿಗೆ ಹೇಳಿದೆ. ದೋಸೆ ಹಿಟ್ಟಿನ ಪಕ್ಕ ಆ ಚೀಲ ಇಟ್ಟರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದಳು. ತುಳಸಿ ಅಕ್ಕ, ದಯವಿಟ್ಟು ನಿಮಗೆ ಗಾಮಾ ಪಾಳಿಯವರು ಹೇಳಿದ ಆ ಸೀರೆಯ ಉದಾಹರಣೆಯನ್ನು ನೀವೇ ಒಮ್ಮೆ ಫೋನ್ ಮಾಡಿ ಅವಳಿಗೆ ಹೇಳಬೇಕು.